ನಮ್ಮ ಒಂದು, ಅವರ ನಾಲ್ಕು

13 ಫೆಬ್ರವರಿ 2023, ಸೋಮವಾರ. ಕೊಲಂಬೊ

ಬೆಂಗಳೂರಿನಿಂದ ಇಲ್ಲಿಗೆ ಒಂದೂವರೆ ಗಂಟೆ. ಶಿವಮೊಗ್ಗದಿಂದ ಬೆಂಗಳೂರು ತಲುಪುವುದೇ ಹೆಚ್ಚು ಹೊತ್ತು.

ದುಡ್ಡು ಬದಲಾಯಿಸುವ ಕೌಂಟರಿನ ಮುಂದೆ ನಮ್ಮ ಹಳೆಯ ಬ್ಯಾಂಕ್ ಬ್ರಾಂಚಿನವರಿಗೆಲ್ಲ ಜೀವ ಬಂತು. ನಮ್ಮ ಒಂದು ರೂಪಾಯಿಗೆ ಅವರದು ನಾಲ್ಕು ಚಿಲ್ಲರೆ. ಹೋದ ವರ್ಷದ ಆರಂಭದಲ್ಲಿ ಎರಡೂಮುಕ್ಕಾಲೂ ಇರಲಿಲ್ಲ. ಡಾಲರಿಗೆ 200ರ ಆಸುಪಾಸಿನಲ್ಲಿದ್ದದ್ದು ಈಗ 360 ದಾಟಿದೆ. ಕ್ಯಾಷಿಯರ್ ಅಣ್ಣ (ರಿಟೈರ್ ಆಗಿ ಎಷ್ಟೋ ವರ್ಷವಾದರೂ ಅವರಿಗೆ ಅದೇ ಹೆಸರು) ನೋಟು ಎರಡೆರಡು ಸಲ ಎಣಿಸಿ, “ವಿಮಾನದ ಚಾರ್ಜು ಇಲ್ಲೇ ಹುಟ್ಟಿತು ಬಿಡಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ಗಾಲ್ ಫೇಸ್ ಮೈದಾನಕ್ಕೆ ಹೋದೆವು. ಕಳೆದ ಏಪ್ರಿಲ್‌ನಿಂದ ಜನ ಡೇರೆ ಹಾಕಿ ಕೂತು ಅಧ್ಯಕ್ಷ ಗೋಟಬಯ ರಾಜಪಕ್ಸೆ ತೊಲಗಲಿ ಎಂದು ಕೂಗಿದ್ದು ಇಲ್ಲಿಯೇ. ಜುಲೈ 9ರಂದು ಅವರ ಬಂಗಲೆಗೇ ನುಗ್ಗಿ ಈಜುಕೊಳಕ್ಕೆ ಹಾರಿದ್ದನ್ನು ಟೀವಿಯಲ್ಲಿ ಕಾಫಿ ಕುಡಿಯುತ್ತ ನೋಡಿದ್ದೆವು. ಈಗ ಅಲ್ಲಿ ಗಾಳಿಪಟ, ಬೆಲೂನು, ಮೇಲೆ ಇಡೀ ಸಿಗಡಿ ಕೂರಿಸಿದ ಬೇಳೆವಡೆ. ಸಿಗಡಿ ತೆಗೆದು ಬರೀ ವಡೆ ಕೊಡಪ್ಪ ಎಂದು ಮ್ಯಾನೇಜರ್ ಮೇಡಂ ಕೇಳಿ, ಗಾಡಿಯವನ ಮುಖ ನೋಡಿ ಸುಮ್ಮನಾದರು.

ಪಕ್ಕದಲ್ಲೇ ಶಾಂಗ್ರಿ-ಲಾ ಹೋಟೆಲ್. 2019ರ ಈಸ್ಟರ್ ಭಾನುವಾರದ ಬಾಂಬುಗಳಲ್ಲಿ ಒಂದೆರಡು ಸಿಡಿದದ್ದು ಇಲ್ಲಿಯೇ. ಲೋಕಸಭೆ ಚುನಾವಣೆಯ ಮತದಾನ ಮುಗಿಸಿ ಸುಸ್ತು ಕಳೆಯಲು ಬಂದಿದ್ದ ನಮ್ಮ ಕಡೆಯ ಜೆಡಿಎಸ್ ಕಾರ್ಯಕರ್ತರು ಸತ್ತದ್ದೂ ಇಲ್ಲಿಯೇ. ಗುಂಪು ಕಟ್ಟಿಕೊಂಡು ರಜಾ ಕಳೆಯಲು ಬಂದವರು, ನಮ್ಮ ಹಾಗೆಯೇ. ಯಾರೂ ಹೆಚ್ಚು ಮಾತಾಡಲಿಲ್ಲ. ನಮ್ಮ ಯಜಮಾನರು ಮಾತ್ರ ಅತ್ತ ಒಂದು ಫೋಟೊ ತೆಗೆದು, ಆಮೇಲೆ ಅಳಿಸಿದರು.

14 ಫೆಬ್ರವರಿ, ಮಂಗಳವಾರ. ಉನವಟುನ

ಫೋರ್ಟ್ ಸ್ಟೇಷನ್ನಿನಿಂದ ಗಾಲ್‌ಗೆ ರೈಲು. ಬಲಗಡೆಯ ಕಿಟಕಿಗೆ ಎಲ್ಲರೂ ಮುಗಿಬಿದ್ದರು. ಹಳಿಯ ಪಕ್ಕದಲ್ಲೇ ಸಮುದ್ರ. ಹಿಕ್ಕಡುವಕ್ಕಿಂತ ಸ್ವಲ್ಪ ಮೊದಲು ಪೆರಾಲಿಯ ಎಂಬ ಊರು ಸಿಗುತ್ತದೆ. 2004ರ ಡಿಸೆಂಬರ್ 26ರಂದು ಇದೇ ಹಳಿಯ ಮೇಲೆ ಒಂದು ರೈಲು ನಿಂತಿತ್ತು. ಸುನಾಮಿಯ ಮೊದಲ ಅಲೆಗೆ ಹೆದರಿದ ಊರಿನವರು ಡಬ್ಬಿಯೊಳಗೆ ಇದ್ದರೆ ಕ್ಷೇಮ ಎಂದು ಹತ್ತಿಕೊಂಡರಂತೆ. ಎರಡನೆಯ ಅಲೆ ಬೋಗಿಗಳನ್ನೇ ಮಗುಚಿತು. ಸಾವಿರಕ್ಕೂ ಹೆಚ್ಚು ಜನ ಹೋದರು. ಜಪಾನಿನವರು ಕೊಟ್ಟ ಎತ್ತರದ ಬುದ್ಧ ಅಲ್ಲಿ ನಿಂತಿದ್ದಾನೆ, ಮುಖ ಸಮುದ್ರದ ಕಡೆಗೆ. ಈ ಕಥೆಯನ್ನು ನನಗೆ ಹೇಳಿದ್ದು ಎದುರು ಸೀಟಿನ ಸ್ಕೂಲ್ ಮೇಷ್ಟ್ರು. ಹೇಳಿ ಮುಗಿಸಿ ತಮ್ಮ ಬುತ್ತಿ ಬಿಚ್ಚಿ ತೆಂಗಿನಕಾಯಿ ರೊಟ್ಟಿ ಕೊಟ್ಟರು. ನಮ್ಮ ಕೋಡುಬಳೆ ತೆಗೆದುಕೊಂಡರು.

ಗಾಲ್‌ನಿಂದ ಉನವಟುನಕ್ಕೆ ಆಟೋ. ಅವನು 1200 ಅಂದ, ಕ್ಯಾಷಿಯರ್ ಅಣ್ಣ 800ಕ್ಕೆ ಹಿಡಿದರು. ಪೆಟ್ರೋಲಿಗೆ ಇನ್ನೂ ಫೋನಿನಲ್ಲಿ ಕ್ಯೂಆರ್ ತೋರಿಸಬೇಕು, ವಾರಕ್ಕೆ ಇಷ್ಟೇ ಲೀಟರ್ ಎಂಬ ಲೆಕ್ಕ. ಶುರುವಿನಲ್ಲಿ ಆಟೋಗೆ ವಾರಕ್ಕೆ ಐದೇ ಲೀಟರ್ ಇತ್ತಂತೆ. ಚೌಕಾಸಿಯಲ್ಲಿ ಉಳಿದದ್ದು ನಮ್ಮ ಲೆಕ್ಕದಲ್ಲಿ ತೊಂಬತ್ತು ರೂಪಾಯಿ. ಅದನ್ನು ಅಣ್ಣ ದಿನವಿಡೀ ಹೇಳಿಕೊಂಡು ತಿರುಗಿದರು.

15 ಫೆಬ್ರವರಿ, ಬುಧವಾರ

ದಡಕ್ಕೆ ಬೆನ್ನು ಕೊಟ್ಟ ಓಣಿಯಲ್ಲಿ ನಮ್ಮ ವಸತಿ. ರೂಮಿಗೆ 9000, ನಮ್ಮ ಎರಡು ಸಾವಿರ ಚಿಲ್ಲರೆ, ತಿಂಡಿ ಸೇರಿ. ತಿಂಡಿಗೆ ಅಪ್ಪ, ಒತ್ತುಶ್ಯಾವಿಗೆ, ಬೇಳೆ ಸಾರು, ಸಂಬೋಲ ಎಂಬ ತೆಂಗಿನಕಾಯಿ ಚಟ್ನಿ. ಒಣಮೀನಿಲ್ಲದ ಸಂಬೋಲ ಬೇರೆ ಮಾಡಿಕೊಡುತ್ತಾಳೆ ಒಡತಿ. ಬೀಚಿನ ಬೋರ್ಡುಗಳಲ್ಲಿ ಇಂಗ್ಲಿಷಿನಷ್ಟೇ ರಷ್ಯನ್ ಇದೆ.

ಬೆಳಿಗ್ಗೆ ರುಮಸ್ಸಲ ಗುಡ್ಡ ಹತ್ತಿದೆವು. ಹನುಮಂತ ಸಂಜೀವಿನಿ ಪರ್ವತ ಹೊತ್ತು ಹೋಗುವಾಗ ಉದುರಿದ ಚೂರಂತೆ. “ನಮ್ಮ ಆನೆಗೊಂದಿಯವನೇ” ಎಂದು ಮೇಡಂ ಆಟೋದವನಿಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಅವನು ಗೌರವದಿಂದ ತಲೆಯಾಡಿಸಿದ.

ಮಧ್ಯಾಹ್ನ ಎಲ್ಲರೂ ನೀರಿಗಿಳಿದಾಗ ನಾನು ಒಡತಿಯ ಅಡುಗೆಮನೆಯ ಜಗಲಿಯಲ್ಲಿ ಕೂತೆ. ಬ್ಯಾಂಕಿನವಳು ಎಂದು ಗೊತ್ತಾದದ್ದೇ ತಡ, ಸಾಲದ ಪುಸ್ತಕ ತಂದು ಮುಂದಿಟ್ಟಳು. ನಲವತ್ತು ವರ್ಷದ ಕೆಲಸದ ಅಭ್ಯಾಸ, ನಾನೂ ಕನ್ನಡಕ ಹಾಕಿಕೊಂಡೆ. ಸುನಾಮಿಗೆ ಗೋಡೆಗಳು ಹೋದವು, ಒಂದು ಸಾಲ. 2009ರಲ್ಲಿ ಯುದ್ಧ ಮುಗಿದು ಜನ ಬರತೊಡಗಿದರು, ಸಾಲ ತೀರಿತು. 2018ರಲ್ಲಿ ಇಡೀ ದೇಶಕ್ಕೆ 23 ಲಕ್ಷ ಪ್ರವಾಸಿಗರು ಬಂದರು. ಆ ಧೈರ್ಯಕ್ಕೆ ಮಹಡಿ ಕಟ್ಟಲು ಇನ್ನೊಂದು ಸಾಲ. ಮಹಡಿಗೆ ಬಣ್ಣ ಒಣಗುವ ಮೊದಲೇ ಬಾಂಬು, ಮರುವರ್ಷ ಕೊರೋನಾ. ಕಂತು ಮುಂದೂಡಿದ ಬಡ್ಡಿ ಅಸಲಿಗೆ ಸೇರಿತು. ಹೋದ ವರ್ಷ ಬಡ್ಡಿ ದರವೇ ಶೇಕಡಾ 20 ದಾಟಿತು. ಗ್ಯಾಸ್ ಇಲ್ಲದೆ ಹಿತ್ತಲಲ್ಲಿ ಸೌದೆ ಒಲೆ ಹೂಡಿದ ಜಾಗ ತೋರಿಸಿದಳು. ಮಸಿ ಇನ್ನೂ ಇದೆ. ಹಾಲಿನ ಪುಡಿ ಸಿಗದೆ ತಿಂಗಳುಗಟ್ಟಲೆ ಬರೀ ಕಪ್ಪು ಚಹಾ. ಇದನ್ನೆಲ್ಲ ಅಳದೆ, ಬಟಾಣಿ ಬಿಡಿಸುತ್ತ ಹೇಳಿದಳು. ಅವಳಿಗೆ ನನ್ನಿಂದ ಬೇಕಿದ್ದದ್ದು ಒಂದೇ ಉತ್ತರ: ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿಕೊಂಡರೆ ಒಳ್ಳೆಯದೋ ಕೆಟ್ಟದೋ? ಒಟ್ಟು ಬಡ್ಡಿ ಎಷ್ಟಾಗುತ್ತದೆ ಎಂದು ಕಾಗದದಲ್ಲಿ ಹಾಕಿ ತೋರಿಸಿದೆ. ಬೇಡ ಅಂದಳು. ನಾನೂ ಅದನ್ನೇ ಹೇಳುವವಳಿದ್ದೆ.

ರಾತ್ರಿ ಊಟದಲ್ಲಿ ಮೇಡಂ, “ಇಂಥ ಕಾಲದಲ್ಲಿ ನಾವು ಬಂದದ್ದೇ ಅವರಿಗೊಂದು ಉಪಕಾರ” ಅಂದರು. ಉಪಕಾರ ಮಾಡಲು ಹೊರಟವರು ಆಟೋದವನ ಹತ್ತಿರ ನಾನೂರಕ್ಕೆ ಜಗ್ಗಾಡುವುದಿಲ್ಲ. ನಾವು ಗಿರಾಕಿಗಳು. ಅವಳು ಬೆಳಿಗ್ಗೆ ಬಾಗಿಲು ತೆಗೆದು ಕಾಯುವುದೂ ಗಿರಾಕಿಗಳನ್ನೇ. ಅಷ್ಟು ಒಪ್ಪಿಕೊಂಡರೆ ಇಬ್ಬರಿಗೂ ಹಗುರ.

16 ಫೆಬ್ರವರಿ, ಗುರುವಾರ

ಕೊಗ್ಗಲದಲ್ಲಿ ಕೋಲಿನ ಮೇಲೆ ಕೂತು ಮೀನು ಹಿಡಿಯುವವರು. ಫೋಟೊಗೆ ದುಡ್ಡು ಕೇಳುತ್ತಾರೆ, ಗಾಳಕ್ಕೆ ಮೀನೇ ಬೀಳುವುದಿಲ್ಲ, ಎಲ್ಲ ನಾಟಕ ಎಂದು ಇವರ ಗೊಣಗಾಟ. ಗಾಳಕ್ಕೆ ನಾವು ಬಿದ್ದಿದ್ದೇವಲ್ಲ, ಸಾಲದೆ?

ವಿದ್ಯುತ್ ದರ ಒಂದೇ ಏಟಿಗೆ ಶೇಕಡಾ 66 ಏರಿದೆ. ಐಎಂಎಫ್ ಸಾಲ ಸಿಗಬೇಕಾದರೆ ಏರಿಸಲೇಬೇಕಂತೆ. ಎ.ಸಿ. ಬೇಕಾದವರು ಬೇರೆ ಕೊಡಬೇಕು ಎಂದು ಒಡತಿ ಸಂಕೋಚದಿಂದ ಹೇಳಿದಳು. ಕ್ಯಾಷಿಯರ್ ಅಣ್ಣ ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ “ಕೊಡ್ರೀ” ಅಂದರು. ಕೊಟ್ಟರು.

17 ಫೆಬ್ರವರಿ, ಶುಕ್ರವಾರ

ನಾಳೆ ಶಿವರಾತ್ರಿ, ಇವತ್ತೇ ವಾಪಸು. ಎಲ್ಲರೂ ಸೇರಿ ಹಾಕಿದ್ದರಲ್ಲಿ ಉಳಿದ ದುಡ್ಡಿನ ಬಗ್ಗೆ ತಿಂಡಿಯ ಹೊತ್ತಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಹಂಚಿಕೊಳ್ಳಬೇಕು ಅನ್ನುವವರು ಅರ್ಧ, ಅಡುಗೆಯ ಹುಡುಗಿಗೆ ಕೊಡೋಣ ಅನ್ನುವವರು ಅರ್ಧ. ಕೊನೆಗೆ ಅರ್ಧರ್ಧವೇ ಆಯಿತು.

ವಿಮಾನದಲ್ಲಿ ಇವರು ಮುಂದಿನ ವರ್ಷದ ಮಾತು ತೆಗೆದಿದ್ದಾರೆ. ವಿಯೆಟ್ನಾಂ ಅಂತೆ. ಅಲ್ಲಿ ನಮ್ಮ ಒಂದು ರೂಪಾಯಿಗೆ ಹತ್ತಿರ ಹತ್ತಿರ ಮುನ್ನೂರು ಬರುತ್ತದೆ ಎಂದು ಕ್ಯಾಷಿಯರ್ ಅಣ್ಣ ಹಿಂದಿನ ಸೀಟಿನಿಂದ ಕೂಗಿ ಹೇಳಿದರು.