ಬೇಳೆ ಡಬ್ಬಿ ಕಲಿಸಿದ ಪಾಠ

ನಮ್ಮ ಪಕ್ಕದೂರಿನ ಸಹಕಾರ ಸಂಘವೊಂದರ ಲೆಕ್ಕಪತ್ರದ ವೆಬ್ ತಂತ್ರಾಂಶ 2003ರಲ್ಲಿ ಜಾವಾ ಭಾಷೆಯಲ್ಲಿ ಬರೆದದ್ದು. ಅದನ್ನು ಹೊಸ ಜಾವಾಕ್ಕೆ ಬದಲಾಯಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮಗು ಹುಟ್ಟಿದ ಮೇಲೆ ಆರು ವರ್ಷ ಕೆಲಸ ಬಿಟ್ಟಿದ್ದವಳು ನಾನು. ಇದೊಂದು ಕೆಟ್ಟರೆ ಮತ್ತೆ ಯಾರು ಕರೆದಾರು ಎಂಬ ಅಳುಕು.

ಆಗಿನ ಜಾವಾದ ಪಟ್ಟಿ ಎಂದರೆ ಹೆಸರು ಬರೆಯದ ಡಬ್ಬಿ. ಏನು ಬೇಕಾದರೂ ತುಂಬಬಹುದು. ಸಕ್ಕರೆಯೋ ಉಪ್ಪೋ ಎಂದು ತೆಗೆದಾಗಲೇ ಗೊತ್ತಾಗುವುದು. 2004ರಲ್ಲಿ ಬಂದ ಜಾವಾ 5ರಲ್ಲಿ ‘ಜೆನೆರಿಕ್ಸ್’ ಎಂಬ ಸೌಕರ್ಯ ಸೇರಿತು. ಡಬ್ಬಿಗೆ ಚೀಟಿ ಅಂಟಿಸಿದ ಹಾಗೆ. ತಪ್ಪು ಸಾಮಾನು ಹಾಕಹೋದರೆ ಕಂಪೈಲರ್ ಒಲೆ ಹಚ್ಚುವ ಮೊದಲೇ ಬೇಡ ಎನ್ನುತ್ತದೆ.

ಇನ್ನೊಂದು ‘ಇನ್‌ಹೆರಿಟೆನ್ಸ್’. ‘ಖಾತೆ’ ತಾಯಿ, ‘ಉಳಿತಾಯ ಖಾತೆ’, ‘ಸಾಲದ ಖಾತೆ’ ಮಕ್ಕಳು. ಸದಸ್ಯರ ಹೆಸರು, ಖಾತೆ ಸಂಖ್ಯೆಗಳನ್ನು ತಾಯಿಯಲ್ಲಿ ಒಮ್ಮೆ ಬರೆದರೆ ಮಕ್ಕಳಿಗೂ ಬರುತ್ತವೆ. ಹಾಗಾದರೆ ಖಾತೆಗಳ ಪಟ್ಟಿ ಕೇಳಿದ ಕಡೆ ಉಳಿತಾಯ ಖಾತೆಗಳ ಪಟ್ಟಿ ಕೊಡಬಹುದಲ್ಲ? ಕೊಟ್ಟೆ. ಕಂಪೈಲರ್ ಸುತರಾಂ ಒಪ್ಪಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡು, ಚೀಟಿಯನ್ನೇ ಕಿತ್ತುಹಾಕಿ ಹಳೆಯ ರೀತಿಯಲ್ಲೇ ಬಿಟ್ಟುಬಿಡೋಣ ಎಂದುಕೊಂಡೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯವರ ದನಿ. “ತೊಗರಿಬೇಳೆ ಡಬ್ಬಿಗೆ ಕಡಲೆಬೇಳೆ ಸುರಿದೋರು ಯಾರೇ?”

“ನಾನೇ ಅತ್ತೆ. ಎರಡೂ ಬೇಳೆ ತಾನೇ ಅಂತ...”

“ಬೇಳೆ ಅಂದ್ಕೊಂಡು ಸುರಿದ್ರೆ ಆಯ್ತೇನಮ್ಮಾ? ನೋಡು, ಇದು ಬೆಂದು ಕರಗಿದೆ, ಅದು ಕಲ್ಲಿನ ಹಾಗೇ ಇದೆ. ಇವತ್ತಿನ ಹುಳಿ ಕೆಟ್ಟಿತು.”

ನನಗೆ ಥಟ್ಟನೆ ಹೊಳೆಯಿತು. ತೊಗರಿಬೇಳೆಯೂ ಬೇಳೆಯೇ, ನಿಜ. ಆದರೆ ತೊಗರಿಬೇಳೆ ಡಬ್ಬಿ ಯಾವ ಬೇಳೆಯನ್ನಾದರೂ ಸುರಿಯುವ ಡಬ್ಬಿಯಲ್ಲ!

ಜಾವಾದಲ್ಲಿ ಇದಕ್ಕೊಂದು ದಾರಿಯುಂಟು. ಚೀಟಿಯಲ್ಲಿ ಪ್ರಶ್ನೆ ಚಿಹ್ನೆ ಹಾಕಿ ‘ಎಕ್ಸ್‌ಟೆಂಡ್ಸ್ ಖಾತೆ’ ಎಂದು ಬರೆದರೆ ಯಾವ ಮಗುವಿನ ಪಟ್ಟಿಯನ್ನಾದರೂ ಕೊಡಬಹುದು. ಒಳಗಿರುವುದನ್ನು ನೋಡಬಹುದು, ಹೊಸದನ್ನು ಸುರಿಯುವಂತಿಲ್ಲ. ಹಾಗೆ ಬರೆದೊಡನೆ ಕಂಪೈಲರ್ ಹಳೆಯ ಸಾಲೊಂದನ್ನು ಎತ್ತಿ ತೋರಿಸಿತು. ಉಳಿತಾಯದ ಪಟ್ಟಿಗೆ ಅದು ಸಾಲದ ಖಾತೆಯನ್ನೂ ಸೇರಿಸುತ್ತಿತ್ತು. ಕೆಲವು ತಿಂಗಳ ಕೊನೆಯಲ್ಲಿ ತಂತ್ರಾಂಶ ಸುಮ್ಮಸುಮ್ಮನೆ ನಿಂತುಹೋಗುತ್ತದೆ ಎಂದು ಸಂಘದವರು ಗೋಳಾಡುತ್ತಿದ್ದರಲ್ಲ, ಕಾರಣ ಇದೇ! ಚೀಟಿ ಕಿತ್ತಿದ್ದರೆ ಆ ತಪ್ಪು ಹೊಸ ಮನೆಗೂ ಹಳೆಯ ಇಲಿಯಂತೆ ಬಂದುಬಿಡುತ್ತಿತ್ತು.

ಕೆಲಸ ಮುಗಿದು ಹಣ ಕೈಗೆ ಬಂದ ದಿನ ಅತ್ತೆಗೆ ಒಂದು ಸೆಟ್ ಸ್ಟೀಲ್ ಡಬ್ಬಿ ತಂದೆ. ಚೀಟಿ ಮಾತ್ರ ಅವರೇ ಅಂಟಿಸಿದರು.