ಬರ್ದು ಕೊಡಿ ಬುದ್ದಿ

ಮಂಡ್ಯ ಜಿಲ್ಲೆಯ ಹಲಗೂರಿನಿಂದ ಕಾವೇರಿ ದಡದ ಮುತ್ತತ್ತಿಗೆ ಒಂದು ರಸ್ತೆ ಹೋಗುತ್ತದೆ. ಶನಿವಾರ ಬಂತೆಂದರೆ ಅಲ್ಲಿನ ದೇವರು ಮುತ್ತೆತ್ತರಾಯನಿಗೆ ಹರಕೆ ಹೊತ್ತವರ ಟೆಂಪೊ, ಹೊಳೆಯಲ್ಲಿ ಮೀಯಲು ಬರುವ ಬೆಂಗಳೂರಿನವರ ಕಾರು. ಆ ರಸ್ತೆ ಬಿಟ್ಟು ಕಾಡಿನ ಕಡೆ ತಿರುಗುವ ಗಾಡಿಜಾಡಿನ ತುದಿಯಲ್ಲಿ ಇರುಳಿಗ ಆದಿವಾಸಿಗಳದೊಂದು ದೊಡ್ಡಿ. ಹೆಸರು ಹೇಳುವುದಿಲ್ಲ, ಅಲ್ಲಿಯವರು ಇವತ್ತಿಗೂ ಅದೇ ಕಚೇರಿಗಳಿಗೇ ಹೋಗಬೇಕಲ್ಲ. ನಾನು ಹೇಳಹೊರಟಿದ್ದು 2019ರ ಬೇಸಿಗೆಯಲ್ಲಿ ಅಲ್ಲಿ ನಡೆದ ಗ್ರಾಮಸಭೆಯ ವಿಚಾರ. ಅಕ್ಷರ ದುಂಡಗಿದೆ ಅಂತ ನಡಾವಳಿ ಬರೆಯಲು ನನ್ನನ್ನು ಕರೆದುಕೊಂಡು ಹೋಗಿದ್ದರು.

ಆ ವರ್ಷ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ತೆರವು ಮಾಡಿಸಿ ಎಂದಿತ್ತು. ದೇಶದ ಹಾಡಿ ಹಾಡಿಗಳಲ್ಲಿ ನಡುಕ. ಗಲಾಟೆಯಾಗಿ, 28ನೇ ತಾರೀಖು ಕೋರ್ಟು ತನ್ನ ಆದೇಶವನ್ನೇ ತಡೆಹಿಡಿದು, ನೀವು ಯಾವ ಕ್ರಮದಲ್ಲಿ ತಿರಸ್ಕರಿಸಿದಿರಿ ಹೇಳಿ ಎಂದು ರಾಜ್ಯಗಳನ್ನೇ ಕೇಳಿತು. ಹಾಗಾಗಿ ಕಟ್ಟಿಟ್ಟ ಕಡತಗಳ ಧೂಳು ಕೊಡವುವ ಕೆಲಸ ಶುರುವಾಗಿತ್ತು.

ದೊಡ್ಡಿಯಲ್ಲಿ ಕರೆಂಟಿರಲಿಲ್ಲ. ಮಳವಳ್ಳಿ ತಾಲ್ಲೂಕಿನಲ್ಲಿ ನಿಂತು ಈ ಮಾತು ಆಡಲು ನನಗಂತೂ ನಾಚಿಕೆ. ಇದೇ ತಾಲ್ಲೂಕಿನ ಬ್ಲಫ್‌ನಲ್ಲಿ, ಶಿವನಸಮುದ್ರದಲ್ಲಿ, 1902ರಲ್ಲೇ ಕಾವೇರಿಯಿಂದ ವಿದ್ಯುತ್ ತೆಗೆದು 147 ಕಿ.ಮೀ. ಆಚೆಯ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದರು. 1905ಕ್ಕೆ ಬೆಂಗಳೂರಿನ ಬೀದಿಗೂ ದೀಪ ಬಂತು. ದೊಡ್ಡಿಯವರು ಕರೆಂಟು ಕೇಳಿದರೆ ಮಾತ್ರ ಒಬ್ಬ ಅಧಿಕಾರಿ ಕಾಡು ನಮ್ಮದಲ್ಲ ಎನ್ನುವರು, ಇನ್ನೊಬ್ಬರು ಅರಣ್ಯ ಇಲಾಖೆಯವರ ಒಪ್ಪಿಗೆ ತನ್ನಿ ಎನ್ನುವರು, ಮತ್ತೊಬ್ಬರು ಊರೇ ದಾಖಲೆಯಲ್ಲಿಲ್ಲ ಎನ್ನುವರು.

ನಮ್ಮ ಜಿಲ್ಲೆಯವರಿಗೆ ಸರ್ಕಾರದಿಂದ ಉತ್ತರ ಹೊರಡಿಸುವುದು ಗೊತ್ತಿಲ್ಲವೇ? ನಾಲೆಗೆ ನೀರು ನಿಂತರೆ ಮಂಡ್ಯದ ಸಂಜಯ ವೃತ್ತದಲ್ಲೋ ಮದ್ದೂರಿನಲ್ಲೋ ಹೆದ್ದಾರಿ ಬಂದ್, ಸಂಜೆಯೊಳಗೆ ಮಂತ್ರಿಯ ಹೇಳಿಕೆ. ದೊಡ್ಡಿಯವರು ಯಾವ ರಸ್ತೆ ತಡೆಯಬೇಕು? ಆ ಜಾಡಿನಲ್ಲಿ ತಡೆಯಲು ಬಸ್ಸೇ ಬರುತ್ತಿರಲಿಲ್ಲ.

ಸಭೆ ಹೊಂಗೆಮರದ ಕೆಳಗೆ. ಕುರ್ಚಿ ಎರಡೇ, ಎರಡೂ ಬಂದವರಿಗೆ. ಅಧಿಕಾರಿ ಕೆಟ್ಟವರೇನಲ್ಲ, ಬಿಸಿಲಿಗೆ ದಣಿದಿದ್ದರು. "ನಿಮ್ಮ ಅರ್ಜಿ ಹಿಂದೆಯೇ ವಜಾ ಆಗಿದೆ. 75 ವರ್ಷದ ದಾಖಲೆ ಇಲ್ಲ. ಮತ್ತೆ ನೋಡೋಣ" ಎಂದು ಏಳುವವರಿದ್ದರು.

ಹಿಂದೆ ಕೂತಿದ್ದ ಒಬ್ಬ ಮುದುಕಿ ಎದ್ದಳು. ಜೇನು, ಗೆಣಸು, ಬಿದಿರು ಅಂತ ಆ ಬೆಟ್ಟವನ್ನೆಲ್ಲ ಸುತ್ತಿದ ಜೀವ. 1987ರಲ್ಲಿ ಅದು ಕಾವೇರಿ ವನ್ಯಧಾಮವಾದ ಮೇಲೆ, ಬಿದಿರು ಕಡಿದರೆ ಕೇಸು.

"ನಮ್ಮಪ್ಪನ್ನ ಮಣ್ಣು ಮಾಡಿದ್ದು ಆ ಬಂಡೆ ಪಕ್ಕ, ನಮ್ಮತ್ತೆಯ ಈ ಕಡೆ. ಬತ್ತೀರಾ, ತೋರಿಸ್ತೀನಿ" ಅಂದಳು.

"ಸಮಾಧಿ ದಾಖಲೆ ಆಗಲ್ಲ ಅಜ್ಜಿ."

"ಆಗಲ್ಲ ಅಂತ ಬರ್ದು ಕೊಡಿ ಬುದ್ದಿ."

ಅಧಿಕಾರಿ ನಕ್ಕರು. ಮುದುಕಿ ನಗಲಿಲ್ಲ. "ಬಾಯಲ್ಲಿ ಹೇಳಿ ಹೋದೋರು ಬೋ ಜನ. ನೀವು ಬರ್ದು, ರುಜು ಹಾಕಿ."

ಅವಳಿಗೆ ಓದು ಬರುತ್ತಿರಲಿಲ್ಲ. ದೊಡ್ಡಿಯಲ್ಲಿ ಓದಿದವನೆಂದರೆ ಒಬ್ಬ ಹುಡುಗ, ಅವನ ಕೈಯಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಕನ್ನಡ ಪುಸ್ತಿಕೆ. ತೊದಲುತ್ತಲೇ ಓದಿದ: ತಿರಸ್ಕರಿಸಿದರೆ ಕಾರಣವನ್ನು ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕು, ಅವರು 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಬಾವಿ, ಸ್ಮಶಾನ, ದೇವರ ಜಾಗ, ಹಿರಿಯರ ಹೇಳಿಕೆ ಎಲ್ಲವೂ ಸಾಕ್ಷಿಯೇ.

ಅಧಿಕಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ತೆಗೆದು, "75 ವರ್ಷದ ಪುರಾವೆ ಒದಗಿಸಿರುವುದಿಲ್ಲ" ಎಂದು ಒಂದೇ ಸಾಲು ಬರೆದು ರುಜು ಹಾಕಿದರು. ಆ ಸಾಲೇ ದೊಡ್ಡಿಯನ್ನು ಕಾಪಾಡಿತು. 75 ವರ್ಷ, ಮೂರು ತಲೆಮಾರು ಎಂಬ ಷರತ್ತು 2006ರ ಕಾಯ್ದೆಯಲ್ಲಿರುವುದು ಪರಿಶಿಷ್ಟ ಪಂಗಡದವರಲ್ಲದ ಇತರ ಅರಣ್ಯವಾಸಿಗಳಿಗೆ. ಇರುಳಿಗರು ಪರಿಶಿಷ್ಟ ಪಂಗಡ. ಅವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದರೆ ಸಾಕು. ಬಾಯಲ್ಲಿ ಹೇಳಿದ್ದಿದ್ದರೆ ಆ ತಪ್ಪು ಯಾರದೂ ಆಗುತ್ತಿರಲಿಲ್ಲ. ಕಾಗದಕ್ಕಿಳಿದದ್ದೇ ಮೇಲ್ಮನವಿಗೆ ಆಧಾರವಾಯಿತು.

ಹೀಗೆ ಹೊಣೆ ಜಾರಿಸುವುದು ನಮ್ಮ ಕಾಡಿಗಷ್ಟೇ ಸೇರಿದ ಮಾತಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಆದಿವಾಸಿಗಳ ದೂರದೂರದ ವಸತಿಗಳಿಗೆ ನೀರು, ಕರೆಂಟಿನ ಖರ್ಚು ಯಾರದೆಂದು ಕೇಂದ್ರವೂ ರಾಜ್ಯವೂ ಒಬ್ಬರ ಮೇಲೊಬ್ಬರು ಹಾಕಿ, 2014ರಲ್ಲಿ ಅಲ್ಲಿನ ಮುಖ್ಯಮಂತ್ರಿ 150ರಷ್ಟು ವಸತಿಗಳನ್ನು ಮುಚ್ಚಬೇಕಾದೀತು ಎಂದಿದ್ದರಂತೆ. ಓದಿದಾಗ ನನಗೆ ನೆನಪಾದದ್ದು ಹೊಂಗೆಮರದ ಕೆಳಗಿನ ಎರಡು ಕುರ್ಚಿ. ನಮ್ಮಲ್ಲಿ ಇನ್ನೊಂದು ಕೊರತೆಯಿದೆ: ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಆದಿವಾಸಿ ಪ್ರದೇಶವೇ ಇಲ್ಲ. ಜಾರ್ಖಂಡದಲ್ಲಿ ಅಂಥ ಪ್ರದೇಶದ ಹಳ್ಳಿಯ ಗ್ರಾಮಸಭೆಗೆ 1996ರ ಪೆಸಾ ಕಾಯ್ದೆ ಕೊಡುವ ಬಲ ಇಲ್ಲಿನ ದೊಡ್ಡಿಗೆ ಸಿಗುವುದಿಲ್ಲ. ಇರುವುದೊಂದೇ ಅರಣ್ಯ ಹಕ್ಕು ಕಾಯ್ದೆ.

ಆವತ್ತು ಸಭೆಯಲ್ಲಿ ಆ ಹುಡುಗ ಅದರಲ್ಲೇ ಇನ್ನೊಂದು ಅಂಶ ಹಿಡಿದ. ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ, ಹೀಗೆ 13 ಸೌಲಭ್ಯಕ್ಕೆ ಒಂದು ಹೆಕ್ಟೇರಿನೊಳಗಿನ ಅರಣ್ಯ ಜಮೀನು ಬಿಟ್ಟುಕೊಡಬಹುದು, ಅದಕ್ಕೆ ಗ್ರಾಮಸಭೆ ಶಿಫಾರಸು ಮಾಡಬೇಕು. ಅಲ್ಲೇ ಕರೆಂಟಿಗೆ ಠರಾವಾಯಿತು. ಹೆಬ್ಬೆಟ್ಟು, ರುಜು ಎಲ್ಲ ಬಿದ್ದವು.

ಹಕ್ಕುಪತ್ರ ಕೆಲವರಿಗೆ ಬಂತು, ಕೇಳಿದಷ್ಟು ಜಮೀನಿಗಲ್ಲ. ಕಂಬ ಬಂದು ಮಲಗಿ, ಬಹಳ ದಿನದ ಮೇಲೆ ಎದ್ದು ನಿಂತಿತು. ದೀಪ ಹತ್ತಿದ ವಾರ ಇನ್ಯಾರೋ ಅಧಿಕಾರಿ ಫೋಟೊಗೆಂದು ಬಂದಾಗ ಮುದುಕಿ ಜಗಲಿಯಿಂದಲೇ ಕೂಗಿ ಕೇಳಿದಳಂತೆ: "ಹದಿಮೂರರಲ್ಲಿ ಒಂದಾಯ್ತು. ಮಿಕ್ಕ ಹನ್ನೆರಡು ಯಾವಾಗ? ಬರ್ದು ಕೊಡಿ ಬುದ್ದಿ."