ಹಪ್ಪಳದ ಲೆಕ್ಕ ಬಲ್ಲವರಿಗೆ ಸಿ.ಎಂ.ಎ. ದೂರವೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕರಾದ ನಮಗೆ ಹೆತ್ತವರಿಂದ ಬರುವ ಒಂದು ಪ್ರಶ್ನೆಯುಂಟು: "ಮಾಸ್ಟ್ರೇ, ಕಾಮರ್ಸ್ ತೆಗೆದುಕೊಂಡರೆ ಮುಂದೇನು? ಬ್ಯಾಂಕ್ ಪರೀಕ್ಷೆ, ಇಲ್ಲದಿದ್ದರೆ ಅಂಗಡಿಯಲ್ಲಿ ಲೆಕ್ಕ ಬರೆಯುವುದು, ಅಷ್ಟೇ ಅಲ್ವಾ?" ಸಿ.ಎ. ಎಂಬ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅದರ ಪಕ್ಕದಲ್ಲೇ ಇರುವ ಸಿ.ಎಂ.ಎ., ಅಂದರೆ ಕಾಸ್ಟ್ ಆ್ಯಂಡ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್ ಎಂಬ ವೃತ್ತಿಯನ್ನು ಕೇಳಿದವರು ಕಡಿಮೆ. ಕೇಳಿದವರೂ "ಅದು ಇಂಗ್ಲಿಷ್ ಮೀಡಿಯಂನವರಿಗೆ" ಎಂದು ಬದಿಗಿಡುತ್ತಾರೆ. ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಹೆದರಿಕೆ ಎಂದು ನೋಡೋಣ.

ಮೊದಲು ಕೆಲಸವೇನೆಂದು ತಿಳಿಯಬೇಕು. ನಮ್ಮ ಕಡೆಯ ಹಲಸಿನ ಹಪ್ಪಳವನ್ನೇ ತೆಗೆದುಕೊಳ್ಳಿ. ಐದಾರು ಮಂದಿ ಹೆಂಗಸರು ಸೇರಿ ಹಪ್ಪಳ ಮಾಡಿ ಮಾರುತ್ತಾರೆ ಎಂದಿಟ್ಟುಕೊಳ್ಳೋಣ. ಕೋಣೆಯ ಬಾಡಿಗೆ, ಸಾಲದ ಬಡ್ಡಿ ಎಂದು ತಿಂಗಳಿಗೆ 6,000 ರೂಪಾಯಿ ಹೋಗುತ್ತದೆ. ಒಂದು ಹಪ್ಪಳ ಮಾಡಿದರೂ ಸಾವಿರ ಮಾಡಿದರೂ ಅದು ಅಷ್ಟೇ. ಇದು ಸ್ಥಿರ ವೆಚ್ಚ. ಹಲಸಿನಕಾಯಿ, ಮೆಣಸು, ಕೂಲಿ, ತೊಟ್ಟೆ ಎಲ್ಲ ಸೇರಿ ಒಂದು ಕಟ್ಟಿಗೆ 50 ರೂಪಾಯಿ. ಇದು ಕಟ್ಟು ಹೆಚ್ಚಿದಂತೆ ಹೆಚ್ಚುವ ವೆಚ್ಚ. ಮಾರುವ ಬೆಲೆ 80. ಒಂದು ಕಟ್ಟಿನಲ್ಲಿ 30 ಉಳಿಯುತ್ತದೆ. 200 ಕಟ್ಟು ಮಾರಿದಾಗ 6,000 ಹುಟ್ಟಿ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂಬಲ್ಲಿಗೆ ಬರುತ್ತದೆ. 300 ಕಟ್ಟು ಹೋದರೆ 3,000 ಲಾಭ.

ಈಗ ಒಬ್ಬ ವ್ಯಾಪಾರಿ ಬಂದು, "ಇನ್ನೂ 100 ಕಟ್ಟು ಕೊಡಿ, ಆದರೆ 65ಕ್ಕೆ ಕೊಡಬೇಕು" ಎನ್ನುತ್ತಾನೆ. ಪುಸ್ತಕದ ಲೆಕ್ಕದಲ್ಲಿ 300 ಕಟ್ಟಿಗೆ ಒಂದರ ಖರ್ಚು 70 ಬೀಳುತ್ತದೆ. 65ಕ್ಕೆ ಕೊಟ್ಟರೆ ನಷ್ಟ ಎಂದು ಕಾಣುತ್ತದೆ. ಆದರೆ ಬಾಡಿಗೆ, ಬಡ್ಡಿ ಆಗಲೇ ಹುಟ್ಟಿಯಾಗಿದೆ. ಹೊಸ ಕಟ್ಟಿಗೆ ತಗಲುವುದು 50 ಮಾತ್ರ. ಹಾಗಾಗಿ 1,500 ಹೆಚ್ಚು ಲಾಭವೇ! ಅಷ್ಟಕ್ಕೇ ಕುಣಿಯಬಾರದು. ಹಳೆಯ ಗಿರಾಕಿಗಳಿಗೆ ಸುದ್ದಿ ಮುಟ್ಟಿ ಅವರೂ 65ಕ್ಕೇ ಕೇಳಿದರೆ? 400 ಕಟ್ಟಿನಲ್ಲಿ ತಲಾ 15ರಂತೆ ಉಳಿಯುವುದು 6,000. ಸ್ಥಿರ ವೆಚ್ಚ ಕಳೆದರೆ ಇಡೀ ತಿಂಗಳ ದುಡಿಮೆಗೆ ಲಾಭ ಸೊನ್ನೆ.

ಆದದ್ದನ್ನು ಸರಿಯಾಗಿ ಬರೆದಿಡುವುದು ಒಂದು ಲೆಕ್ಕ. ಮುಂದೆ ಏನು ಮಾಡಬೇಕೆಂದು ಹೇಳುವುದು ಇನ್ನೊಂದು ಲೆಕ್ಕ. ಮ್ಯಾನೇಜ್‌ಮೆಂಟ್ ಅಕೌಂಟೆಂಟ್‌ನ ಕೆಲಸ ಈ ಎರಡನೆಯದು. ಹಪ್ಪಳದ ಜಾಗದಲ್ಲಿ ಸಿಮೆಂಟ್, ಸಕ್ಕರೆ, ಗೊಬ್ಬರ, ಔಷಧಿ ಬರುತ್ತದೆ. ಸೊನ್ನೆಗಳು ಹೆಚ್ಚುತ್ತವೆ, ಕೇಳುವ ಪ್ರಶ್ನೆಗಳು ಇವೇ.

ನಮ್ಮ ದೇಶದಲ್ಲಿ ಈ ಓದನ್ನು ನಡೆಸುವುದು ಇನ್‌ಸ್ಟಿಟ್ಯೂಟ್ ಆಫ್ ಕಾಸ್ಟ್ ಅಕೌಂಟೆಂಟ್ಸ್ ಆಫ್ ಇಂಡಿಯಾ. 1944ರಲ್ಲಿ ಹುಟ್ಟಿ, 1959ರ ಕಾಯಿದೆಯಿಂದ ಶಾಸನಬದ್ಧವಾದ ಸಂಸ್ಥೆ ಇದು. ಹಳಬರು ಐ.ಸಿ.ಡಬ್ಲ್ಯು.ಎ. ಎನ್ನುವುದು ಇದನ್ನೇ, 2012ರಲ್ಲಿ ಹೆಸರು ಬದಲಾಯಿತು. ಮೂರು ಮೆಟ್ಟಿಲು: ಫೌಂಡೇಶನ್, ಇಂಟರ್ಮೀಡಿಯೆಟ್, ಫೈನಲ್. 2022ರ ಪಠ್ಯಕ್ರಮದಂತೆ ಕ್ರಮವಾಗಿ 4, 8, 8 ಪೇಪರುಗಳು. ಪ್ರತಿ ಪೇಪರಿನಲ್ಲಿ ಶೇಕಡಾ 40, ಒಟ್ಟಿನಲ್ಲಿ ಶೇಕಡಾ 50 ಬೇಕು. ಜೊತೆಗೆ 15 ತಿಂಗಳ ಪ್ರಾಯೋಗಿಕ ತರಬೇತಿ. ಹತ್ತನೇ ಪಾಸಾದವರು ಹೆಸರು ನೋಂದಾಯಿಸಬಹುದು, ಪರೀಕ್ಷೆ ಬರೆಯುವುದು ಪ್ಲಸ್ ಟು ಆದ ಮೇಲೆ. ಪದವಿ ಮುಗಿಸಿದವರು ನೇರವಾಗಿ ಇಂಟರ್ಮೀಡಿಯೆಟ್‌ಗೆ ಸೇರಬಹುದು. ನಮಗೆ ಹತ್ತಿರದ ಮಂಗಳೂರಿನಲ್ಲಿ ಸಂಸ್ಥೆಯ ಚಾಪ್ಟರ್ ಇದೆ.

ಓದಿ ಮುಗಿಸಿದವರಿಗೆ ಕಂಪೆನಿಗಳಲ್ಲಿ ಕೆಲಸವುಂಟು, ಸರಕಾರಿ ಉದ್ದಿಮೆಗಳಲ್ಲಿ ಉಂಟು. 2013ರ ಕಂಪೆನಿ ಕಾಯಿದೆಯ 148ನೇ ಕಲಮಿನಂತೆ ನಿಗದಿತ ಉದ್ದಿಮೆಗಳ ವೆಚ್ಚದ ಲೆಕ್ಕಪರಿಶೋಧನೆಯನ್ನು ಕಾಸ್ಟ್ ಅಕೌಂಟೆಂಟರೇ ಮಾಡಬೇಕು. ಯು.ಪಿ.ಎಸ್.ಸಿ. ಮೂಲಕ ಇಂಡಿಯನ್ ಕಾಸ್ಟ್ ಅಕೌಂಟ್ಸ್ ಸರ್ವಿಸ್ ಎಂಬ ಕೇಂದ್ರ ಸೇವೆಗೂ ದಾರಿಯಿದೆ.

ಇಲ್ಲಿ ಹೆತ್ತವರಿಗೆ ಒಂದು ಎಚ್ಚರಿಕೆ. ಸಿ.ಎಂ.ಎ. ಎಂಬ ಮೂರಕ್ಷರ ಎರಡು ಓದುಗಳಿಗಿದೆ. ಅಮೆರಿಕದ ಸಂಸ್ಥೆಯೊಂದು ಕೊಡುವ ಸರ್ಟಿಫೈಡ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್ ಎಂಬುದೂ ಸಿ.ಎಂ.ಎ.ಯೇ. ಅದಕ್ಕೆ ಎರಡೇ ಭಾಗದ ಪರೀಕ್ಷೆ, ಬಹುರಾಷ್ಟ್ರೀಯ ಕಂಪೆನಿಗಳಲ್ಲಿ ಬೆಲೆಯೂ ಇದೆ. ಆದರೆ ಪ್ರಮಾಣಪತ್ರ ಕೈಗೆ ಬರಲು ಪದವಿಯೂ ಎರಡು ವರ್ಷದ ಕೆಲಸದ ಅನುಭವವೂ ಬೇಕು. ಇಲ್ಲಿನ ವೆಚ್ಚ ಲೆಕ್ಕಪರಿಶೋಧನೆಗೆ ಸಹಿ ಹಾಕುವ ಅಧಿಕಾರ ಅದರಿಂದ ಸಿಗುವುದಿಲ್ಲ. "ಬೇಗ ಮುಗಿಯುತ್ತದೆ" ಎಂದು ಯಾರಾದರೂ ದೊಡ್ಡ ಮೊತ್ತದ ಫೀಸು ಹೇಳಿದರೆ, ಬಂಗಾರ ಅಡವಿಡುವ ಮೊದಲು ಇದು ಯಾವ ಸಿ.ಎಂ.ಎ. ಎಂದು ಕೇಳಿ.

ಇನ್ನು ಭಾಷೆಯ ಮಾತು. ಉತ್ತರ ಬರೆಯಲು ಇಂಗ್ಲಿಷ್ ಅಥವಾ ಹಿಂದಿ ಮಾತ್ರ ಉಂಟು. ಕನ್ನಡ ಇಲ್ಲ, ನೆರೆಮನೆಯ ಮಕ್ಕಳ ಮಲಯಾಳಂ ಕೂಡ ಇಲ್ಲ. ಆದ್ದರಿಂದ ಇಂಗ್ಲಿಷ್ ಬೇಡ ಎಂದು ನಾವು ಹೇಳುವಂತಿಲ್ಲ. ಆದರೆ "ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಮೀಡಿಯಂ ಆಗಿದ್ದರೆ ಸಾಕಿತ್ತು" ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. ಆ ಮಾತಿಗೆ ನಮ್ಮ ಕನ್ನಡ ಡಿವಿಜನ್‌ಗಳು ಒಂದೊಂದಾಗಿ ಬಲಿಯಾಗುತ್ತಿವೆ. ಮೇಲಿನ ಹಪ್ಪಳದ ಲೆಕ್ಕ ಕನ್ನಡದಲ್ಲಿ ಅರ್ಥವಾಯಿತಲ್ಲ? ಅರ್ಥವಾದದ್ದನ್ನು ಇಂಗ್ಲಿಷಿಗೆ ಒಯ್ಯಬಹುದು. ಅರ್ಥವಾಗದೆ ಬಾಯಿಪಾಠ ಮಾಡಿದ್ದು ಯಾವ ಭಾಷೆಯಲ್ಲಿದ್ದರೂ ಪರೀಕ್ಷೆಯ ಹಾಲಿನಲ್ಲಿ ಕೈಕೊಡುತ್ತದೆ.

ಒಯ್ಯುವ ಕೆಲಸಕ್ಕೆ ಪ್ಲಸ್ ಟುವಿನ ಎರಡು ವರ್ಷ ಇದೆ. ಮಕ್ಕಳು ಒಂದು ನೋಟ್ ಪುಸ್ತಕದ ಎಡಪುಟದಲ್ಲಿ ದಿನದ ಲೆಕ್ಕ ಹೇಗಾಯಿತೆಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ, ಬಲಪುಟದಲ್ಲಿ ಅದನ್ನೇ ಇಂಗ್ಲಿಷಿನಲ್ಲಿ. ಮೊದಲು ತಪ್ಪುಗಳು ಬಂದೇ ಬರುತ್ತವೆ, ಬರಲಿ. ಫೌಂಡೇಶನ್‌ನಲ್ಲಿ ಸರಿಯುತ್ತರ ಗುರುತಿಸುವ ಪ್ರಶ್ನೆಗಳಿರುವುದರಿಂದ ಓದಿ ತಿಳಿಯುವಷ್ಟು ಇಂಗ್ಲಿಷ್ ಇದ್ದರೆ ಮೊದಲ ಮೆಟ್ಟಿಲು ಹತ್ತಬಹುದು. ಉದ್ದುದ್ದ ಉತ್ತರದ ಕಷ್ಟ ಎದುರಾಗುವುದು ಇಂಟರ್ಮೀಡಿಯೆಟ್‌ನಲ್ಲಿ. ಅಷ್ಟರೊಳಗೆ ಆ ಬಲಪುಟ ಗಟ್ಟಿಯಾಗಬೇಕು.

ಇದು ಸುಲಭದ ಓದು ಎಂದು ಯಾರನ್ನೂ ನಂಬಿಸುವ ಆಸೆ ನಮಗಿಲ್ಲ. ಎರಡು ಮೂರು ಸಲ ಬರೆದು ಪಾಸಾಗುವವರು ಬಹಳ ಮಂದಿ. ಅರ್ಧಕ್ಕೆ ಬಿಡುವವರೂ ಇದ್ದಾರೆ. ಹಾಗಾಗಿ ಬಿ.ಕಾಂ. ಬಿಡದೆ ಜೊತೆಯಲ್ಲೇ ಓದುವುದು ಜಾಣತನ. ನಮ್ಮ ಮಕ್ಕಳು ಲೆಕ್ಕದ ಮೇಲೆ ಮನಸ್ಸಿಲ್ಲವೆಂದು ಈ ದಾರಿ ಬಿಟ್ಟರೆ ಬೇಸರವಿಲ್ಲ. ಕನ್ನಡ ಶಾಲೆಯಲ್ಲಿ ಓದಿದೆವು ಎಂಬ ಒಂದೇ ಕಾರಣಕ್ಕೆ ಬಿಡಬಾರದು, ಅಷ್ಟೇ. ಪ್ಲಸ್ ವನ್ ಅರ್ಜಿ ತುಂಬುವ ಮೊದಲು ಮಗುವನ್ನು ಕರೆದುಕೊಂಡು ಒಮ್ಮೆ ಶಾಲೆಗೆ ಬನ್ನಿ, ಕೂತು ಮಾತಾಡೋಣ.